ಉಪ್ಪಳದಲ್ಲೊಂದು ಚುರುಟಿನ ಕಪಾಟು

ದುಬಾಯಿಯಿಂದ ಭಾವ ಹೊತ್ತು ತಂದ ಚುರುಟಿನ ಕಪಾಟಿನೊಳಗೆ ತೇವ ಶೇಕಡಾ 65ರಿಂದ 70 ಇರಬೇಕಂತೆ. ಆಟಿಯ ಮಳೆಗೆ ಉಪ್ಪಳದಲ್ಲಿ ಹೊರಗೇ 90! ಹಳೇ ಫ್ಯಾನು ಕಿರುಗುಟ್ಟುತ್ತದೆಂದು 12 ವೋಲ್ಟಿನ ಎರಡು ಹೊಸ ಫ್ಯಾನು, ಹೊಸ ಕಂಟ್ರೋಲರು ಬಂದವು. ಸೆನ್ಸರು ಸರಿಯಿದೆಯೇ ಎಂದು ನೋಡಲು ಅದನ್ನು ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು; ಮರುದಿನ 75 ತೋರಿಸಿದರೆ ಪಾಸು.

"ಒದ್ದೆ ಉಪ್ಪಾ? ಅಡಿಗೆಮನೆಯ ಭರಣಿ ನೋಡಿ," ಎಂದಳು ಅಕ್ಕ. ನಿಜವೇ, ತೇವ 75 ದಾಟಿದರೆ ಉಪ್ಪು ತಾನಾಗಿಯೇ ನೀರೊಡೆಯುತ್ತದೆ. ನಮ್ಮ ಭರಣಿಗೆ ಕರೆಂಟೂ ಬೇಡ.

ಸೆನ್ಸರು 74 ಎಂದಿತು. ಭಾವ ಒಂದು ಅಂಕ ಕೂಡಿಸಿ ನಿದ್ದೆ ಹೋದರು. ಬೆಳಿಗ್ಗೆ ಬಾಗಿಲು ತೆರೆದರೆ ಚುರುಟಿನ ಪಕ್ಕ ಹಲಸಿನ ಹಪ್ಪಳದ ಕಟ್ಟು!

"ಅಟ್ಟದಲ್ಲಿಟ್ಟರೆ ಬೂಸ್ಟು ಬರ್ತದೆ ಮಾರಾಯ್ರೆ. ಇಲ್ಲಿ ಎರಡೆರಡು ಫ್ಯಾನು ಉಂಟಲ್ಲ."