ಕುಂದರಾಕ ಜಾಗ ಇದ್ದ ಅಂಗಡಿ

ಊರಲ್ಲಿ ಗುಡಿ ಬಿದ್ದರೆ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುತ್ತಾರೆ. ಸಾಲಿ ಬಿದ್ದರೆ ತಹಶೀಲ್ದಾರರಿಗೆ ಮನವಿ ಕೊಡುತ್ತಾರೆ. ಸಾರಾಯಿ ಅಂಗಡಿ ಕೆಡವಿದರೆ ಮಾತ್ರ ತಗಡು ಯಾರಿಗೆ, ತೊಲೆ ಯಾರಿಗೆ ಎಂಬುದಷ್ಟೇ ಚರ್ಚೆ. ಚೌಡಾಪುರದಾಚೆ ನಮ್ಮೂರಿನ ಅಂಗಡಿಯ ತಗಡು ಒಬ್ಬರ ಎಮ್ಮೆ ಕೊಟ್ಟಿಗೆಯ ಮೇಲೆ ಕೂತಿತು. ಎಮ್ಮೆ ಹಾಲು ಕರೆಯುವಾಗ ಒದೆಯಲು ಶುರು ಮಾಡಿದಾಗ ಊರವರು ಎಮ್ಮೆಯನ್ನು ಬೈಯಲಿಲ್ಲ, ತಗಡನ್ನು ಬೈದರು.

ಅಂಗಡಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಳಗೆ ಕೈ ತೂರುವಷ್ಟೇ ಕಿಂಡಿ ಬಿಟ್ಟ ಜಾಲರಿ, ಹೊರಗೆ ಶಹಾಬಾದ್ ಪರಸಿ ಹಾಸಿದ ಉದ್ದನೆಯ ಕಟ್ಟೆ. ಕಿಂಡಿಯಲ್ಲಿ ರೊಕ್ಕ ಹೋದರೆ ಪಾಕೀಟು ಬರುತ್ತಿತ್ತು. ಅದರ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಎರಡು ಹನಿ ನೆಲಕ್ಕೆ ಚಿಮುಕಿಸಿ, ಕಣ್ಣು ಗಟ್ಟಿ ಮುಚ್ಚಿ ಒಂದೇ ಗುಟುಕಿಗೆ ಇಳಿಸಬೇಕು. ಆಮೇಲೆ ಮುಖ ಹಿಂಡಿಕೊಂಡು ನಾಲಿಗೆಗೆ ಒಂದು ಚಿಟಿಕೆ ಉಪ್ಪು. ಇಷ್ಟು ಕಷ್ಟಪಟ್ಟು ಕುಡಿಯುವುದನ್ನು ಸುಖ ಎಂದು ಏಕೆ ಕರೆಯುತ್ತಾರೋ ಎಂದು ಸಣ್ಣವರಾದ ನಮಗೆ ಸೋಜಿಗ. ನಮ್ಮ ಕಣ್ಣೆಲ್ಲ ಪಕ್ಕದ ಬಂಡಿಯ ಮೇಲೆ: ಖಾರ ಹಚ್ಚಿದ ಶೇಂಗಾ, ಮಿರ್ಚಿ ಭಜಿ, ಕುದಿಸಿದ ತತ್ತಿ. ಊರಿನಲ್ಲೇ ರುಚಿಯಾದ ಭಜಿ ಸಾರಾಯಿ ಅಂಗಡಿಯ ಮುಂದೆ ಸಿಗುತ್ತಿದ್ದದ್ದು ದೇವರು ನಮಗೆ ಮಾಡಿದ ಅನ್ಯಾಯ.

ಈ ದಂಧೆಗೆ ನಮ್ಮ ಕಡೆ ಹಳೆಯ ಬೇರಿದೆ. ಅಬಕಾರಿ ಎಂದರೆ ನಿಜಾಮರ ಖಜಾನೆಗೆ ದೊಡ್ಡ ಆದಾಯ. ಈಚಲ ಮರದ ಸಿಂಧಿ, ಇಪ್ಪೆ ಹೂವಿನ ದಾರೂ ಎರಡಕ್ಕೂ ಗುತ್ತೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಗುತ್ತೆಯ ಹರಾಜು ಮಾತ್ರ ನಿಲ್ಲಲಿಲ್ಲ. ಗುತ್ತೇದಾರ ಎಂಬ ಅಡ್ಡಹೆಸರಿನವರು ಅಫಜಲಪುರದಿಂದಲೂ ಆಳಂದದಿಂದಲೂ ವಿಧಾನಸಭೆಗೆ ಹೋಗಿ ಕೂತರು. ಕುಡಿದವರು ಎಲ್ಲಿದ್ದರೋ ಅಲ್ಲೇ ಉಳಿದರು.

ಆ ಕಟ್ಟೆ ಬರೀ ಕುಡಿಯುವ ಜಾಗವಾಗಿರಲಿಲ್ಲ. ತೊಗರಿ ರಾಶಿಗೆ ನಾಳೆ ಎಷ್ಟು ಆಳು ಬೇಕು, ಕಬ್ಬು ಕಡಿಯುವ ಗ್ಯಾಂಗಿಗೆ ಯಾರು ಮುಂಗಡ ಕೊಡುತ್ತಾರೆ, ಪುಣೆಯಲ್ಲಿ ಯಾವ ಮೇಸ್ತ್ರಿ ಪಗಾರ ಮುಳುಗಿಸುತ್ತಾನೆ, ಎಲ್ಲ ಅಲ್ಲೇ ಇತ್ಯರ್ಥ. ಹಮಾಲರು ಹೆಗಲ ಟವೆಲ್ ಹಾಸಿ ಕೂತರೆ ಪಂಚಾಯ್ತಿಗಿಂತ ಸ್ಪಷ್ಟವಾದ ನ್ಯಾಯ. ಜಾತಿಯ ಗೆರೆ ಅಳಿದುಹೋಗಿತ್ತು ಎಂದೆಲ್ಲ ನಾನು ಹೇಳಲಾರೆ; ಕಟ್ಟೆಯ ಯಾವ ತುದಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಮೂರನೇ ಪಾಕೀಟಿನ ನಂತರ ಮಾತ್ರ ತುದಿಗಳು ತುಸು ಹತ್ತಿರ ಸರಿಯುತ್ತಿದ್ದವು.

ಚೌಡಾಪುರ ಕ್ರಾಸಿನಲ್ಲಿ ತಿರುಗಿದರೆ ಗಾಣಗಾಪುರ. ಅಲ್ಲಿ ಮಧ್ಯಾಹ್ನ ದತ್ತ ಮಹಾರಾಜರು ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಲಕ್ಷಾಧೀಶರೂ ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ. ನಮ್ಮೂರ ಮುತ್ಯಾ ಒಬ್ಬ ಇದನ್ನು ಚೆನ್ನಾಗಿ ತಿಳಿದಿದ್ದ. ಸಂಜೆ ಕಟ್ಟೆಯ ಹತ್ತಿರ ಕೈಚಾಚಿ, “ಎರಡು ರೂಪಾಯಿ ಕಡಿಮಿ ಬಿದ್ದಾವ ಸಾವಕಾರ್ರೆ, ಮಧುಕರಿ ಅಂತ ತಿಳೀರಿ” ಎನ್ನುತ್ತಿದ್ದ. ಇಲ್ಲ ಎಂದವರಿಗೆ, “ಬೇಡಿದವ ಯಾರಿದ್ದನೋ ಏನೋ, ನೀವು ನೋಡ್ರಿ ಮತ್ತ” ಎಂದು ನಮ್ರತೆಯಿಂದಲೇ ಹೆದರಿಸುತ್ತಿದ್ದ.

ಕಟ್ಟೆಯ ಇನ್ನೊಂದು ಚರಿತ್ರೆ ಮನೆಮನೆಯ ಒಲೆಯ ಮುಂದಿತ್ತು. ಶನಿವಾರದ ಬಟವಡೆ ಮನೆ ಮುಟ್ಟುವುದರೊಳಗೆ ಅರ್ಧವಾಗುತ್ತಿತ್ತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯುತ್ತ ಸಾರಾಯಿ ಅಂಗಡಿ ಮುಚ್ಚಿಸಲು ಹೊರಟರು. ಮರುವರ್ಷವೇ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮ ಸರದಿ ಬಂದದ್ದು 2007ರ ಜುಲೈ 1ಕ್ಕೆ. ಅಬಕಾರಿಯವರ ವರ್ಷ ಶುರುವಾಗುವುದೇ ಆ ದಿನ. ಅಂಗಡಿಯ ತಗಡು ಇಳಿಸಿದ ದಿನ ನಮ್ಮವ್ವ ಹಬ್ಬವಿಲ್ಲದೆ ಹೋಳಿಗೆ ಮಾಡಿದಳು. ಏಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಪ್ಪನಂತೂ ಎರಡು ಹೆಚ್ಚೇ ತಿಂದ.

ಕುಡಿಯುವುದು ನಿಲ್ಲಲಿಲ್ಲ, ದುಬಾರಿಯಾಯಿತು. ಪಾಕೀಟು ಹೋಗಿ ವೈನ್ ಶಾಪಿನ ಕ್ವಾರ್ಟರ್ ಬಂತು, ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಗಳೂ ಬಂದವು. ಅಲ್ಲಿ ಕೊಳ್ಳಬಹುದು, ಕೂತು ಕುಡಿಯುವಂತಿಲ್ಲ. ಕೂಡಬೇಕೆಂದರೆ ಬಾರಿಗೆ ಹೋಗಬೇಕು. ಬಾರಿನ ಕುರ್ಚಿಗೆ ಕೂಲಿಯವನ ಅರ್ಧ ದಿನದ ದುಡಿಮೆ ಸಾಲದು. ಹಾಗಾಗಿ ಈಗ ಜಾಲಿಗಿಡದ ಮರೆಯಲ್ಲಿ ಒಬ್ಬೊಬ್ಬರೇ ನಿಂತು ನೀರಿನ ಪಾಕೀಟು ಒಡೆಯುತ್ತಾರೆ. ಪುಣೆಯ ಮೇಸ್ತ್ರಿಯ ಸುದ್ದಿ ಯಾರಿಗೆ ಹೇಳುವುದು? ಸಾರಾಯಿ ಹೋದದ್ದಕ್ಕೆ ನನಗೆ ಒಂದಿಷ್ಟೂ ದುಃಖವಿಲ್ಲ. ಪರಸಿ ಕಟ್ಟೆಯನ್ನಾದರೂ ಬಿಟ್ಟು, ಮೇಲೊಂದು ಚಹಾ ಅಂಗಡಿ ಹಾಕಬಹುದಿತ್ತು.

2016ರ ಕೊನೆಗೆ ಇನ್ನೊಂದು ಆಟ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟು ಹೇಳಿತು; 2017ರಲ್ಲಿ 20,000ದೊಳಗಿನ ಜನಸಂಖ್ಯೆಯ ಊರುಗಳಿಗೆ 220 ಮೀಟರ್ ಸಾಕೆಂದು ರಿಯಾಯಿತಿಯನ್ನೂ ಕೊಟ್ಟಿತು. ಸಣ್ಣ ಊರಿನವರಾಗಿ ನಮಗೆ ಸಿಕ್ಕ ಅಪರೂಪದ ಲಾಭ ಅದು. ಸುದ್ದಿ ಓದಿ ಹೇಳಿದಾಗ ಮಧುಕರಿ ಮುತ್ಯಾ ಬಹಳ ಹೊತ್ತು ಲೆಕ್ಕ ಹಾಕಿ ಕೇಳಿದ: “ತಮ್ಮಾ, ಈ 220 ಹೋಗೂದೋ, ಬರೂದೋ?”

“ಎರಡೂ ಅಷ್ಟೇ ಅಲ್ಲೇನೋ ಮುತ್ಯಾ?”

“ಕೋರ್ಟಿನವ್ರು ಕುಡಿಯಂಗಿಲ್ಲ ಕಾಣ್ತದ,” ಎಂದ. “ಬರೂವಾಗ ಅದು ಎರಡು ಕಿಲೋಮೀಟರ್ ಆಗ್ತದ.”