ಶ್ರೀಮಾನ್ ‘ಒಂದು ಲಕ್ಷ’ ಅವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಒಂದು ಲಕ್ಷದವರೇ,

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಸ್ ನಿಲ್ದಾಣಗಳಿಂದ ಸಾಷ್ಟಾಂಗ ನಮಸ್ಕಾರ. ಕೊನೆಯ ಬಸ್ಸು ಹೊರಟ ಮೇಲೆ ಅಲ್ಲಿ ಉಳಿದವರು ಹೇಗೂ ಅದೇ ಭಂಗಿಯಲ್ಲಿರುತ್ತಾರೆ.

ತಮ್ಮ ಮಹಿಮೆ ದೊಡ್ಡದು. ನಗರ ವಸತಿರಹಿತರ ಆಶ್ರಯ ಯೋಜನೆಯಲ್ಲಿ ತಮ್ಮದೇ ಕಾರುಬಾರಾಗಿತ್ತು: ಲಕ್ಷ ಜನಸಂಖ್ಯೆಗೆ ನೂರು ಮಂದಿ ಮಲಗುವಷ್ಟು ಜಾಗ, ತಲೆಗೆ 50 ಚದರಡಿ, 24 ಗಂಟೆ ತೆರೆದ ಬಾಗಿಲು. 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಿಗೆ ವಿಧಿಸಿದ ಅಳತೆಯೂ ತಾವೇ. 2016ರಲ್ಲಿ ಯೋಜನೆ ಸಣ್ಣ ಪಟ್ಟಣಗಳಿಗೂ ಬಂತು, ಅಳತೆಗೋಲು ಬದಲಾಗಲಿಲ್ಲ. 2011ರ ಜನಗಣತಿಯಲ್ಲಿ ಈ ಐದರಲ್ಲೇ ದೊಡ್ಡದಾದ ಹರಪನಹಳ್ಳಿ ತಮ್ಮ ಅರ್ಧವನ್ನೂ ಮುಟ್ಟಿರಲಿಲ್ಲ. ಅಂದರೆ ಅದಕ್ಕೆ ಚಾವಣಿ ಕೊಟ್ಟರೆ ಗೋಡೆ ಇಲ್ಲ. ಕೂಡ್ಲಿಗಿಯ ಪಾಲಿಗೆ ಬರೀ ಬಾಗಿಲು ಬರಬಹುದು.

ಗುಡೇಕೋಟೆಯ ಕರಡಿಗಳು ಅದೃಷ್ಟ ಮಾಡಿವೆ. ಕೂಡ್ಲಿಗಿ ತಾಲ್ಲೂಕಿನಲ್ಲೇ ಅವಕ್ಕೊಂದು ಧಾಮವಿದೆ. ಕರಡಿಗಳ ಸಂಖ್ಯೆ ಲಕ್ಷ ದಾಟಿದೆಯೇ ಎಂದು ಯಾರೂ ಕೇಳಲಿಲ್ಲ.

ತೆರಿಗೆ ವಸೂಲಿಗಾರರೂ ಕೇಳುವುದಿಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟಬೇಕು. ಊರು ಎಷ್ಟೇ ಸಣ್ಣದಿರಲಿ, ಕರ ಪೂರ್ತಿ.

ಇನ್ನು ಎಣಿಕೆಯ ವಿಚಾರ. ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಹಳ್ಳಿ, ತಾಂಡಾಗಳವರು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. 2011ರಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಇದೇ ಗುಳೆಯ ಕಾಲದಲ್ಲಿ, ಫೆಬ್ರವರಿ 28ರ ರಾತ್ರಿ. ರಸ್ತೆ ಬದಿ, ಮೇಲ್ಸೇತುವೆ ಕೆಳಗೆ, ಗುಡಿಯ ಮಂಟಪದಲ್ಲಿ, ಹ್ಯೂಮ್ ಪೈಪಿನೊಳಗೆ ಮಲಗಿದವರು ದೇಶದಲ್ಲಿ 17.7 ಲಕ್ಷ ಸಿಕ್ಕರು. ತಗಡಿನ ಶೆಡ್ಡಿನಲ್ಲಿ ಮಲಗಿದವರು ಮಾತ್ರ ಲೆಕ್ಕದಲ್ಲಿ ಮನೆವಂತರು!

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಕೊಟ್ಟೂರೇಶ್ವರನ ತೇರೂ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲೇ. ಗಣತಿದಾರರನ್ನು ತೇರಿನ ದಿನವೇ ಕಳಿಸಿಬಿಡಿ, ಕೊಟ್ಟೂರು ಅನಾಯಾಸವಾಗಿ ತಮ್ಮನ್ನು ದಾಟುತ್ತದೆ. ಹಡಗಲಿಯವರು ತಾಲ್ಲೂಕಿನ ಮೈಲಾರ ಜಾತ್ರೆಯ ಕಾರಣಿಕದ ಭಕ್ತರನ್ನು ಎರವಲು ತರಲಿ. ಆ ದಿನಗಳಲ್ಲಿ ಬಂಡಿಯಡಿ, ಬಯಲಲ್ಲಿ, ಮಠದ ಜಗಲಿಯಲ್ಲಿ ಲಕ್ಷಾಂತರ ಜನ ಮಲಗಿ ಏಳುತ್ತಾರೆ, ಊಟವೂ ಸಿಗುತ್ತದೆ. ಊರೂರೇ ಆಶ್ರಯವಾಗಲು ಯಾವ ಮಾರ್ಗಸೂಚಿಯೂ ಬೇಕಿಲ್ಲ.

ಇದು ಅಕ್ರಮವೆನಿಸಿದರೆ ಸಕ್ರಮ ದಾರಿಯೊಂದಿದೆ. ಐದೂ ಪಟ್ಟಣಗಳನ್ನು ಕೂಡಿಸಿ; ಮೊತ್ತ ಲಕ್ಷ ಮೀರುತ್ತದೆ. ತಮ್ಮದೇ ನಿಯಮದಂತೆ ನೂರು ಮಂದಿಗೆ ಜಾಗ ಕೊಡಲೇಬೇಕು. ಸಮನಾಗಿ ಹಂಚಿದರೆ ಊರಿಗೆ ಇಪ್ಪತ್ತು ಜನ, ಸಾವಿರ ಚದರಡಿ. ಬಸ್ ನಿಲ್ದಾಣಕ್ಕೆ ಸಮೀಪದ ಒಂದು ಖಾಲಿ ಸರ್ಕಾರಿ ಕಟ್ಟಡ, ಹೆಂಗಸರಿಗೆ ಬೇರೆ ಕೋಣೆ, ನೀರು, ಶೌಚಾಲಯ, ನಡುರಾತ್ರಿ ಬಾಗಿಲು ತಟ್ಟಿದರೆ ಆಧಾರ್ ಕಾರ್ಡ್ ಕೇಳದೆ ತೆಗೆಯುವ ಒಬ್ಬ ಕಾವಲುಗಾರ. ಅಂದಾಜುಪಟ್ಟಿಗೆ ಇಷ್ಟು ಸಾಕು.

ಇಂತಿ ತಮ್ಮ ವಿಧೇಯ,
ಕೂಡಿಸಿದರೆ ಲೆಕ್ಕಕ್ಕೆ ಬರುವ ಐದು ಊರುಗಳು