ಟೆಸ್ಟರ್ ರಾಯರು

ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ, ಅಂಗಿ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಟೆಸ್ಟರ್ ಸಿಕ್ಕಿಸಿಕೊಂಡ ನಿವೃತ್ತರೊಬ್ಬರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ಇವರನ್ನು ರಾಯರು ಎನ್ನೋಣ. ರಾಯರು ಸವೆಸಿದ್ದೆಲ್ಲ ಲೆಕ್ಕಪತ್ರ ವಿಭಾಗದ ಕುರ್ಚಿ. ಕರೆಂಟಿಗೂ ಅವರಿಗೂ ಇದ್ದ ನಂಟು ಬಿಲ್ ಕಟ್ಟುವಷ್ಟೇ. ಆದರೂ ಬೀದಿಯಲ್ಲಿ ಯಾರ ಮನೆ ವಾಷಿಂಗ್ ಮೆಷಿನ್ ಕೆಟ್ಟರೂ ಮೊದಲು ಹೇಳಿ ಕಳಿಸುವುದು ಅವರಿಗೇ. ಹೇಳಿ ಕಳಿಸದಿದ್ದರೂ ಬರುತ್ತಾರೆ, ಆ ಮಾತು ಬೇರೆ.

ರಾಯರ ವೈದ್ಯದಲ್ಲಿ ನೆಗಡಿ, ಕೆಮ್ಮು ಇಲ್ಲ, ಎಲ್ಲವೂ ಆಪರೇಷನ್ನೇ. ಒಮ್ಮೆ ಮೆಷಿನ್ನಿನ ಗುಂಡಿಗಳು ಕೆಲಸ ಮಾಡುತ್ತಿಲ್ಲವೆಂದು "ಪಿಸಿಬಿ ಹೋಗಿದೆ" ಅಂತ ತೀರ್ಪು ಕೊಟ್ಟು, ಹಿಂಬದಿ ಪೂರ್ತಿ ಬಿಚ್ಚಿ ಹರವಿದ್ದರು. ಆ ಮನೆಯ ಮೂರನೇ ಕ್ಲಾಸಿನ ಹುಡುಗಿ ಬಂದು ಒಂದು ಗುಂಡಿಯನ್ನು ಒತ್ತಿ ಹಿಡಿದಳು. ಚೈಲ್ಡ್ ಲಾಕ್ ಬಿಟ್ಟುಕೊಂಡಿತು. "ನಾನು ಲೂಸ್ ಮಾಡಿಟ್ಟಿದ್ದೆ, ಅದಕ್ಕೇ ಬಂತು" ಎಂದರು ರಾಯರು.

ಹಾಗಂತ ಅವರನ್ನು ತಳ್ಳಿಹಾಕುವ ಹಾಗೂ ಇಲ್ಲ. ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನ ಮೋಟರ್ ಬರೀ ಗುಂಯ್ ಎನ್ನುತ್ತ ತಿರುಗದೆ ಕೂತರೆ, ಅದು ಕೆಪಾಸಿಟರ್ ಸೊರಗಿದ ಸದ್ದೆಂದು ಬಾಗಿಲಲ್ಲೇ ನಿಂತು ಹೇಳುತ್ತಾರೆ. ಎಸ್‌ಪಿ ರೋಡಿನಿಂದ ತರಿಸಿದ 10 ಮೈಕ್ರೊಫ್ಯಾರಡ್‌ ಕೆಪಾಸಿಟರ್ ಹಾಕಿ ಗೆದ್ದದ್ದೂ ಉಂಟು. ತಳದಿಂದ ನುಗ್ಗಿ ವೈರ್ ಕಡಿದ ಇಲಿಯನ್ನು ಪತ್ತೆಹಚ್ಚಿದ ಕೀರ್ತಿಯೂ ಅವರದೇ.

ಆದರೆ ಅವರ ಕುಲದೈವ ಮಾತ್ರ ಅರ್ತಿಂಗ್.

"ರಾಯರೇ, ಮೆಷಿನ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ" ಎಂದು ಎದುರುಮನೆಯ ಸೊಸೆ ಹೇಳಿದ್ದೇ ತಡ, ಟೆಸ್ಟರ್ ಹೊರಬಂತು. ತಗಡಿಗೆ ಮುಟ್ಟಿಸಿದರೆ ಮಿಣಮಿಣ ದೀಪ. ಇಂಥ ಮೆಷಿನ್ನುಗಳ ಒಳಗಿನ ಫಿಲ್ಟರಿನ ಕೆಪಾಸಿಟರ್‌ಗಳು ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ತಗಡಿಗೆ ಸೇರಿರುತ್ತವೆ. ಅರ್ತ್ ಇಲ್ಲದಿದ್ದರೆ ತಗಡು 230 ವೋಲ್ಟಿನ ಅರ್ಧದ ಆಸುಪಾಸಿನಲ್ಲಿ ತೇಲುತ್ತದೆ. ಆ ಜುಮ್ ತಾನಾಗಿ ಕೊಲ್ಲುವಂಥದ್ದಲ್ಲ. ಆದರೆ ನಾಳೆ ಹೀಟರ್ ಸೋರಿ ತಗಡಿಗೆ ಕರೆಂಟ್ ಹರಿದರೆ ಅದಕ್ಕೆ ಹೋಗಲು ದಾರಿ ಇಲ್ಲ, ಮುಟ್ಟಿದವರ ಮೈಯೇ ದಾರಿ. ಇಷ್ಟನ್ನು ರಾಯರು ಹಿಂಬದಿ ಬಿಚ್ಚುತ್ತ ಬಿಚ್ಚುತ್ತ ವಿವರಿಸಿದರು. ಪ್ಲಗ್ ಎಲ್ಲಿಗೆ ಹೋಗಿದೆ ಎಂದು ಮಾತ್ರ ನೋಡಲಿಲ್ಲ.

ಆಮೇಲೆ ಅಡುಗೆಮನೆಯ ಸಾಕೆಟ್ಟಿಗೆ ಪರೀಕ್ಷೆ. 100 ವ್ಯಾಟಿನ ಬಲ್ಬಿನ ಒಂದು ವೈರು ಫೇಸಿಗೆ, ಇನ್ನೊಂದು ಅರ್ತಿಗೆ. (ಓದುಗರು ಈ ಸಾಹಸವನ್ನು ರಾಯರಿಗೇ ಬಿಡುವುದು ಕ್ಷೇಮ.) ಬಲ್ಬ್ ಹೊತ್ತಲಿಲ್ಲ, ಇಡೀ ಮನೆ ಕತ್ತಲಾಯಿತು. ಅತ್ತೆಯ ಧಾರಾವಾಹಿ ಕಣ್ಣೀರಿನ ಹಂತದಲ್ಲೇ ಕಡಿದುಹೋಯಿತು. ರಾಯರು ಕತ್ತಲಲ್ಲೇ ಕುಣಿದಾಡಿದರು: "ಅರ್ತ್ ಇದೆ ಕಣಮ್ಮ, ಫಸ್ಟ್ ಕ್ಲಾಸ್ ಇದೆ!" ಮಾತು ಸರಿಯೇ. 30 ಮಿಲಿಆಂಪ್ ಅರ್ತಿಗೆ ಸೋರಿದರೆ ಬೀಳಬೇಕಾದ ಆರ್‌ಸಿಸಿಬಿಗೆ ಬಲ್ಬು 400ಕ್ಕೂ ಹೆಚ್ಚು ಹರಿಸಿತ್ತು. ಅರ್ತೇ ಇಲ್ಲದಿದ್ದರೆ ಅದು ಬೀಳುತ್ತಲೇ ಇರಲಿಲ್ಲ.

ಹಾಗಾದರೆ ತಪ್ಪೆಲ್ಲಿ? ಟಾರ್ಚ್ ಹಿಡಿದು ಬಂದ ಅತ್ತೆ ಬಾಲ್ಕನಿಯ ಮೂಲೆ ತೋರಿಸಿದರು. "ಇದೇನು ನೋಡಿ ರಾಯರೇ, ಮೊಬೈಲ್ ಚಾರ್ಜಿಗೆ ಅಂತ ತಂದಿದ್ದು." 6 ಆಂಪಿನ ಎಕ್ಸ್‌ಟೆನ್ಷನ್ ಬಾಕ್ಸು, ಅದರಿಂದ ಹೊರಟದ್ದು ಎರಡೇ ಎಳೆಯ ವೈರು. ಮೂರನೆಯ ಎಳೆಯೇ ಇಲ್ಲದ ಮೇಲೆ ಅರ್ತ್ ಬರುವುದೆಲ್ಲಿಂದ? ಮೆಷಿನ್ನಿನ ದಪ್ಪ 16 ಆಂಪ್ ಪ್ಲಗ್ ಹಿಡಿಸಲೆಂದು ನಡುವೆ ತುರುಕಿದ್ದ ಕನ್ವರ್ಟರ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಬಿಸಿನೀರಿನ ಒಗೆತಕ್ಕೆ ಹೀಟರ್ ಒಂದೇ 2000 ವ್ಯಾಟ್, ಅಂದರೆ 9 ಆಂಪಿನಷ್ಟು ಎಳೆದರೆ ಬಡಪಾಯಿ ಇನ್ನೇನು ಮಾಡೀತು?

ಮೆಷಿನ್ ಅಡುಗೆಮನೆಯ ಸಾಕೆಟ್ಟಿನ ಪಕ್ಕಕ್ಕೆ ಬಂತು. ಜುಮ್ ನಿಂತಿತು. ಹಿಂಬದಿ ಮುಚ್ಚಿದ ಮೇಲೆ ನಾಲ್ಕು ಸ್ಕ್ರೂ ಉಳಿದವು. "ಕಂಪನಿಯವರು ಎಕ್ಸ್‌ಟ್ರಾ ಕೊಟ್ಟಿರ್ತಾರೆ" ಎಂದು ರಾಯರು ಅವನ್ನು ಟೆಸ್ಟರ್ ಪಕ್ಕಕ್ಕೆ ಇಳಿಬಿಟ್ಟು, ಕಾಫಿ ಕುಡಿದು ಹೊರಟರು.

ಮರುದಿನ ಸ್ಪಿನ್ ಶುರುವಾಗುತ್ತಲೇ ಹಿಂಬದಿಯ ತಗಡು ಗಡಗಡ ಬಡಿದುಕೊಳ್ಳತೊಡಗಿತು. ಸೊಸೆ ಓಡಿಬರುವಷ್ಟರಲ್ಲಿ ಎದುರು ಮನೆಯ ಜಗಲಿಯಲ್ಲಿ ರಾಯರು ಚಪ್ಪಲಿ ಮೆಟ್ಟುತ್ತಿದ್ದರು.

"ಬೇರಿಂಗ್ ಹೋಗಿದೆ ಅನ್ಸುತ್ತಮ್ಮ. ಆಫ್ ಮಾಡಿರು, ಬಂದೆ!"